ಪುಸ್ತಕದಲ್ಲಿ ಬರೆಯದ ಮಾತು

ಬನಶಂಕರಿ ಎರಡನೇ ಹಂತ, ಬೆಂಗಳೂರು
12-8-1979, ಭಾನುವಾರ

ಪ್ರೀತಿಯ ಸೀತೆಗೆ, ನಿನ್ನ ಅಮ್ಮಣ್ಣಿ ಬರೆಯುವುದು. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ, ಹಾಗಾಗಿ ಕೇಳುವುದಿಲ್ಲ.

ತ್ಯಾಗರಾಜನಗರಕ್ಕೆ, ನಿನ್ನ ಅಣ್ಣನ ಮನೆಯ ಗೇಟಿನವರೆಗೆ ಮೂರು ಸಲ ಬಂದು ಹಿಂದಿರುಗಿದೆ. ಒಮ್ಮೆ ನಿನ್ನ ತಾಯಿ ಕಿಟಕಿಯಿಂದ ನೋಡಿ ಕರೆದರು. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಬಂದುಬಿಟ್ಟೆ. ಈಗೀಗ ನನಗೆ ಸುಳ್ಳು ಸಲೀಸಾಗಿ ಬರುತ್ತದೆ.

ಎಂಜಿನ್ನಿನ ತೊಂದರೆ ವಿಮಾನ ಬೀಳುವ ಹಿಂದಿನ ದಿನವೇ ನಿನ್ನವರ, ರಾಮಪ್ರಸಾದ ಭಾವನ ಕಣ್ಣಿಗೆ ಬಿದ್ದಿರಬೇಕು, ಆದರೂ ಅವರು ಯಾರಿಗೂ ತಿಳಿಸದೆ ಮತ್ತೆ ವಿಮಾನ ಹಾರಿಸಿದರು ಎನ್ನುತ್ತಾರೆ ವಿಚಾರಣೆಯವರು. ಪೇಪರಿನಲ್ಲೂ ಚಾಲಕನ ಅಲಕ್ಷ್ಯ ಎಂದೇ ಬಂತು. ನಿನ್ನ ಮಗಳನ್ನು ಶಾಲೆಯಲ್ಲಿ ಹದಿನಾಲ್ಕು ಜನರನ್ನು ಕೊಂದವನ ಮಗಳು ಎಂದರಂತೆ. ಅದನ್ನು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ. ಸೀತಾ, ಭಾವ ತಿಳಿಸಿದ್ದರು. ನಮ್ಮ ಮನೆಯವರಿಗೇ ತಿಳಿಸಿದ್ದರು.

ಹಾರಾಟದಲ್ಲಿ ಕಂಡ ದೋಷವನ್ನು ಚಾಲಕರು ವಿಮಾನದಲ್ಲಿರುವ ಪುಸ್ತಕದಲ್ಲಿ ಬರೆಯಬೇಕು. ಬರೆದ ಮೇಲೆ ನಮ್ಮವರಂಥ ಎಂಜಿನಿಯರು ನೋಡಿ ಸಹಿ ಹಾಕುವವರೆಗೆ ವಿಮಾನ ಕದಲುವಂತಿಲ್ಲ. ಆದರೆ ಸ್ನೇಹಿತರ ನಡುವೆ ಒಂದು ರೂಢಿಯಿದೆ. ಬರೆಯದೆ ಬಾಯಲ್ಲಿ ಹೇಳುತ್ತಾರೆ, ಇವರು ಸದ್ದಿಲ್ಲದೆ ಸರಿಮಾಡಿಕೊಡುತ್ತಾರೆ. ಎಲ್ಲರಿಗೂ ಅದರಿಂದ ಅನುಕೂಲವೇ ಆಗುತ್ತಿತ್ತು.

ಜೂನ್ ಆರರ ಸಂಜೆ ನಮ್ಮ ಹೊಸ ಮನೆಯ ವಾಸ್ತುಹೋಮ ಇತ್ತಲ್ಲ, ಆ ಮಧ್ಯಾಹ್ನ ಭಾವ ವಿಮಾನ ಇಳಿಸಿ ಬಂದು, ಬಲಗಡೆ ಎಂಜಿನ್ನಿನ ಎಣ್ಣೆಯ ಒತ್ತಡ ಎರಡು ಸಲ ಕುಸಿಯಿತು ಎಂದು ಪುಸ್ತಕ ತೆಗೆದರಂತೆ. ಇವರೇ ತಡೆದರು. "ಬರೀಬೇಡ ಕಣೋ, ಬರೆದ್ರೆ ಇಲ್ಲೇ ಸಿಕ್ಕಾಕ್ಕೊಳ್ತೀನಿ. ಹೋಮಕ್ಕೆ ಮುಂಚೆ ನಾನೇ ನೋಡ್ತೀನಿ" ಎಂದರಂತೆ. ಭಾವ ಪುಸ್ತಕ ಮುಚ್ಚಿದರು. ಗೆಳೆಯನ ಮನೆಯ ಶುಭಕಾರ್ಯ ಕೆಡಿಸಲು ಆ ಮನುಷ್ಯನಿಗೆ ಮನಸ್ಸು ಬರಲಿಲ್ಲ.

ಇವರು ನೋಡಲಿಲ್ಲ. ಇನ್ನೊಂದು ವಿಮಾನದ ಕೆಲಸ ಮೈಮೇಲೆ ಬಿತ್ತು, ಇಲ್ಲಿ ಪುರೋಹಿತರು ಕಾಯುತ್ತಿದ್ದರು. ಓಡಿಬಂದು ಪಂಚೆ ಉಡುವಾಗ, "ನೋಡಕ್ಕಾಗ್ಲಿಲ್ಲ ಕಣೇ, ಹೋಮ ಮುಗಿಸ್ಕೊಂಡು ಹೋಗ್ತೀನಿ" ಎಂದು ನನಗೆ ಹೇಳಿದರು. ನಾವಿಬ್ಬರೂ ಮಣೆಯ ಮೇಲೆ ಕೂತಿದ್ದಾಗ ನೀವು ಬಂದಿರಿ. ನೀನು ಅಡುಗೆಮನೆಗೆ ಹೋದೆ. ಭಾವ ಬಗ್ಗಿ, "ನೋಡಿದ್ಯೇನೋ ಅನಂತು?" ಎಂದು ಕೇಳಿದರು. ಇವರು ತಲೆಯೆತ್ತದೆ ನೋಡಿದೆ ಅಂದರು. ನಾನು ಪಕ್ಕದಲ್ಲಿದ್ದೂ ಸುಮ್ಮನಿದ್ದೆ. ನನ್ನ ತಪ್ಪು ಅಷ್ಟು.

ಹೋಮ ಮುಗಿದ ಮೇಲೆ, ಕೂತ ಯಜಮಾನ ಬೆಳಗಾಗುವವರೆಗೆ ಹೊಸ್ತಿಲು ದಾಟಬಾರದೆಂದು ನಮ್ಮತ್ತೆ ಅಡ್ಡ ನಿಂತರು. ಬೆಳಗ್ಗೆ ಹಾಲು ಉಕ್ಕಿಸಿ ಇನ್ನೂ ಒಲೆಯ ಮುಂದಿಂದ ಎದ್ದಿರಲಿಲ್ಲ, ವಿಮಾನ ಬಿತ್ತೆಂದು ಹೇಳಲು ಕಂಪನಿಯ ಜೀಪು ಬಂತು. ಭಾವನ ಜೊತೆಗಿದ್ದ ಚಾಲಕನೂ ಉಳಿಯಲಿಲ್ಲ, ಹಾಗಾಗಿ ನಿಜ ಹೇಳಲು ಯಾರೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಇವರು, ನನಗೆ ಯಾರೂ ಏನೂ ಹೇಳಿರಲಿಲ್ಲ, ಪುಸ್ತಕ ನೋಡಿಕೊಳ್ಳಿ ಎಂದು ಹೇಳಿ ಬಂದರು. ನಾನು ಜಗಳವಾಡಿದ್ದಕ್ಕೆ, "ನಿಜ ಹೇಳಿದ್ರೆ ಹೋದವರು ವಾಪಸ್ ಬರ್ತಾರೇನೆ?" ಎಂದರು. ಬರುವುದಿಲ್ಲ. ಆದರೆ ಭಾವನ ಮೇಲೆ ಹೊರಿಸಿದ್ದನ್ನು ಇಳಿಸಬಹುದಲ್ಲ. ಹದಿನೈದು ವರ್ಷ ಜೊತೆಗೆ ಬಾಳಿದ ಗಂಡ, ಅವರ ಎಂಜಲು ತಟ್ಟೆ ಎತ್ತುವಾಗ ಈಗ ಅಸಹ್ಯವಾಗುತ್ತದೆ. ಅವರು ಅಳುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಎರಡೂ ನಿಜ.

ಇಪ್ಪತ್ತನೇ ತಾರೀಕು ವಿಚಾರಣೆ ಮುಗಿಯುತ್ತದೆ. ಈ ಕಾಗದವನ್ನು ನಿನ್ನ ಅಣ್ಣನ ಕೈಲಿ ಅಲ್ಲಿಗೆ ಕೊಡಿಸು. ಕರೆದರೆ ಬಂದು ಹೇಳುತ್ತೇನೆ. ಇವರ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಬರೆದದ್ದು ಇವರಿಗೆ ಗೊತ್ತಿಲ್ಲ, ಟಪಾಲಿಗೆ ಹಾಕಿಬಂದು ತಿಳಿಸುತ್ತೇನೆ. ನೀನು ನನ್ನನ್ನು ಕ್ಷಮಿಸಬೇಕೆಂದು ಬರೆದದ್ದಲ್ಲ ಇದು. ನಿನ್ನ ಮಗಳು ತಲೆಯೆತ್ತಿ ಶಾಲೆಗೆ ಹೋಗಲಿ.

ಇಂತಿ,
ಒಂದು ಕಾಲದ ನಿನ್ನ ಗೆಳತಿ,
ಅಮ್ಮಣ್ಣಿ ಅನಂತರಾಮು

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಭಾವ ಕೇಳಿದಾಗ ಇವರು ನೋಡಿದೆ ಅನ್ನಲಿಲ್ಲ, ಮೇಲೆ ಬರೆದದ್ದು ಸುಳ್ಳು. ಕೈಲಿದ್ದ ತುಪ್ಪದ ಸೌಟು ಕೆಳಗಿಟ್ಟು, ಏಳಲು ಮಂಡಿ ಊರಿದರು. ಸಂಕಲ್ಪವಾದ ಮೇಲೆ ಯಜಮಾನ ಎದ್ದರೆ ಮನೆಗೆ ಕೇಡೆಂದು ನಾನು ಇವರ ಪಂಚೆ ಹಿಡಿದೆಳೆದು ಕೂರಿಸಿ, "ನೋಡ್ಕೊಂಡೇ ಬಂದಿದಾರೆ ಭಾವ, ಎಲ್ಲಾ ಸರಿಯಾಗಿದ್ಯಂತೆ" ಎಂದೆ. ಇವರು ಬಾಯಿ ಬಿಡಲಿಲ್ಲ, ಅಷ್ಟೇ. ಭಾವ ಮಾರನೆಯ ಬೆಳಗ್ಗೆ ಆ ವಿಮಾನ ಹತ್ತಿದ್ದು ನನ್ನ ಮಾತು ನಂಬಿ.