ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ

ಸೋಮವಾರ, ಮಾರ್ಚ್ ೧೧

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಅಮ್ಮನ ಸೊಂಟನೋವು ಹೇಗಿದೆ? ನಿನ್ನ ಕಾಗದ ಬಂದು ಏಳು ವಾರವಾಯಿತು. ಪುರುಸೊತ್ತಿರಲಿಲ್ಲ ಎಂದರೆ ನೀನು ನಂಬುವುದಿಲ್ಲ. ಕೆಲಸ ತಲೆಯ ಮೇಲಿದ್ದಾಗಲೇ ನಾನು ಹೆಚ್ಚು ಹರಟುತ್ತೇನೆಂದು ಹನ್ನೊಂದು ವರ್ಷ ನನ್ನ ಎದುರು ಮೇಜಿನಲ್ಲಿ ಕೂತು ಕೋಡ್ ಬರೆದವಳಿಗೆ ಗೊತ್ತು. ಬೈದುಕೋ, ಆದರೆ ಪೂರ್ತಿ ಓದು.

ಆಸ್ಪತ್ರೆಗಳ ಯಂತ್ರ ಪರೀಕ್ಷಿಸುವ ಕಚೇರಿಗೆ ಅರ್ಜಿ ಹಾಕಿದ್ದೇನೆ ಎಂದು ನೀನು ಬರೆದಿದ್ದೆ. ಐದು ವರ್ಷ ಅಮ್ಮನ ಮಂಚದ ಪಕ್ಕ ಕೂತವಳು ಮತ್ತೆ ಕೆಲಸಕ್ಕೆ ಹೊರಟಿದ್ದೀಯ ಎಂದು ಓದಿ ನಿಜವಾಗಿ ಸಂತೋಷವಾಗಿತ್ತು. ಆ ಸಂತೋಷದಲ್ಲೇ ನಾಲ್ಕು ಸಾಲು ಗೀಚಿಬಿಡಬೇಕಿತ್ತು. ಈಗ ಬರೆಯುತ್ತಿದ್ದೇನೆ, ಬೇರೆಯೇ ಕಾರಣಕ್ಕೆ.

ಇಲ್ಲೊಂದು ಅನಾಹುತವಾಗಿದೆ. ನಮ್ಮ ರಕ್ತನಿಧಿಯ ಒಂದು ಸಣ್ಣ ಕೇಂದ್ರದಿಂದ ಕೊಡಬಾರದ ಚೀಲವೊಂದು ಹೊರಗೆ ಹೋಯಿತು. ರಕ್ತ ಕೊಟ್ಟವನು ಮೂರನೆಯ ದಿನ ಫೋನ್ ಮಾಡಿ, ತನಗೆ ಜ್ವರ ಬಂದಿದೆ ಎಂದಿದ್ದ. ಸಂಜೆ ಪಾಳಿಯವರು ಅವನ ಚೀಲವನ್ನು ತಡೆಹಿಡಿದದ್ದು ಎಂದು ದಾಖಲಿಸಿದ್ದರು. ಬೆಳಗಿನ ಪಾಳಿಯ ಉಗ್ರಾಣದಾಕೆ ಕೇಳಿದರೆ ಕಂಪ್ಯೂಟರಿನ ಪರದೆ ‘ಕೊಡಬಹುದು’ ಎಂದಿತು. ಆಗಷ್ಟೇ ಹೆತ್ತಿದ್ದ ಹೆಂಗಸೊಬ್ಬಳಿಗೆ ಅದನ್ನು ಏರಿಸಿದರು. ಹದಿನಾರು ದಿನದಿಂದ ಜ್ವರದಲ್ಲಿ ಬಿದ್ದಿದ್ದಾಳೆ. ಬದುಕುತ್ತಾಳಂತೆ. ಕೂಸನ್ನು ಇನ್ನೂ ಅವಳ ಕೈಗೆ ಕೊಟ್ಟಿಲ್ಲ.

ನಿನಗೆ ಕಾರಣ ಆಗಲೇ ಹೊಳೆದಿರಬೇಕು. ತನಿಖೆಗೆ ಬಂದ ವೈದ್ಯೆಗೆ ಮಾತ್ರ ನಾನೇ ಬಿಡಿಸಿ ಹೇಳಬೇಕಾಯಿತು. ಕ್ಲಾಸು, ಮೆಥಡ್ಡು ಎಂದರೆ ಆಕೆ ಕನ್ನಡಕ ಒರೆಸುತ್ತಾ ಕೂತರು. ಕೊನೆಗೆ ಮನೆಯ ಲೆಕ್ಕದಲ್ಲಿ ಹೇಳಿದೆ. ಒಂದು ಮಗುವಿಗೆ ದೊಡ್ಡಮ್ಮ ಒಬ್ಬಳು, ಚಿಕ್ಕಮ್ಮ ಒಬ್ಬಳು, ಇಬ್ಬರೂ ಒಬ್ಬಳೇ ಅಜ್ಜಿಯ ಮಕ್ಕಳು. ತನಗೆ ಗೊತ್ತಿಲ್ಲದ್ದನ್ನು ಮಗು ಮೊದಲು ದೊಡ್ಡಮ್ಮನನ್ನು ಕೇಳುತ್ತದೆ. ನಾವು ಕೋಡ್ ಬರೆಯುವ ಭಾಷೆಯ ಹಳೆಯ ಆವೃತ್ತಿಯಲ್ಲಿ, ದೊಡ್ಡಮ್ಮನಿಗೆ ಗೊತ್ತಿಲ್ಲದಿದ್ದರೆ ಸೀದಾ ಅಜ್ಜಿಯ ಹತ್ತಿರ ಓಡುತ್ತದೆ; ಅಜ್ಜಿ ಏನಾದರೂ ಹೇಳಿಯೇ ಹೇಳುತ್ತಾಳೆ, ಅಲ್ಲಿಗೆ ಮುಗಿಯಿತು. ಹೊಸ ಆವೃತ್ತಿಯಲ್ಲಿ ದೊಡ್ಡಮ್ಮ, ಆಮೇಲೆ ಚಿಕ್ಕಮ್ಮ, ಕಟ್ಟಕಡೆಗೆ ಅಜ್ಜಿ. ಇಲ್ಲಿ ಮಗು ಎಂದರೆ ಆ ಜ್ವರದವನು ಕೊಟ್ಟ ಚೀಲ. ನಮ್ಮ ಅಜ್ಜಿ ಎಂದರೆ ಬರಿಯ ‘ಚೀಲ’, ಅವಧಿ ಮೀರದಿದ್ದರೆ ಕೊಡಿ ಎನ್ನುತ್ತಾಳೆ. ದೊಡ್ಡಮ್ಮ ‘ತಂಪಿನಲ್ಲಿಟ್ಟ ಚೀಲ’, ಅವಳಿಗೆ ಉಷ್ಣತೆ ಬಿಟ್ಟು ಬೇರೇನೂ ತಿಳಿಯದು. ಚಿಕ್ಕಮ್ಮ ‘ತಡೆಹಿಡಿದ ಚೀಲ’. ಕೊಡಬೇಡಿ ಎನ್ನುವವಳು ಅವಳೊಬ್ಬಳೇ.

“ಅಂದ್ರೆ ಬೇಡ ಅನ್ನೋಳನ್ನ ಯಾರೂ ಕೇಳ್ಲೇ ಇಲ್ವಾ?” ಎಂದರು ವೈದ್ಯೆ.

“ಇಲ್ಲ,” ಎಂದೆ.

ಕೇಳುವ ಹಾಗೆ ಮಾಡಿದ್ದವಳು ನೀನು. ಒಂದೇ ಕೋಡ್ ಹೊಸ ಯಂತ್ರಗಳಲ್ಲೂ ಸಣ್ಣ ಕೇಂದ್ರಗಳಲ್ಲಿರುವ ಹಳೆಯ ಆವೃತ್ತಿಯ ಮುದಿ ಯಂತ್ರಗಳಲ್ಲೂ ಓಡಬೇಕಲ್ಲ ಎಂದು ಎರಡು ವಾರ ಕೂತು ನಲವತ್ತು ಸಾಲು ಬರೆದಿದ್ದೆ. ಹಳೆಯ ಆವೃತ್ತಿ ಕಂಡರೆ, ಹಿರಿಯರನ್ನೆಲ್ಲ ಪಟ್ಟಿ ಮಾಡಿ, ಅಜ್ಜಿಯ ಮಕ್ಕಳೆಲ್ಲರ ಸರದಿ ಮುಗಿಯುವವರೆಗೆ ಅಜ್ಜಿಯನ್ನು ಹೊರಗೆ ಕೂರಿಸುವ ನಲವತ್ತು ಸಾಲು. ಹೋದ ತಿಂಗಳು ಅವನ್ನು ತೆಗೆದುಹಾಕಿದರು.

ನೀನು ಹೋದ ಮೇಲೆ ಬಂದ ನಮ್ಮ ಮೇಲಧಿಕಾರಿಗೆ ಪೊರಕೆ ಎಂದು ಹೆಸರಿಟ್ಟಿದ್ದೇವೆ. ಕಂಡದ್ದನ್ನೆಲ್ಲ ಗುಡಿಸುವ ಚಟ. ‘ಸ್ವಚ್ಛತಾ ವಾರ’ ಅಂತೆ. ದಿನದ ಕೊನೆಗೆ ಯಾರು ಎಷ್ಟು ಸಾಲು ಅಳಿಸಿದರು ಎಂದು ಗೋಡೆಗೆ ಚೀಟಿ ಅಂಟಿಸುತ್ತಿದ್ದ. ನಮ್ಮ ಪರೀಕ್ಷೆಗಳೆಲ್ಲ ಹೊಸ ಯಂತ್ರದಲ್ಲಿ ನಡೆಯುತ್ತವೆ. ಅಲ್ಲಿ ನಿನ್ನ ಸಾಲುಗಳಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಪಾಟಿನಲ್ಲಿದ್ದ ಒಂದೇ ಒಂದು ಹಳೆಯ ಯಂತ್ರವನ್ನು ಅವನು ಅದಕ್ಕೂ ಮೊದಲೇ ಗುಜರಿಗೆ ಕೊಟ್ಟಿದ್ದ. ಎಲ್ಲ ಪರೀಕ್ಷೆಗಳಲ್ಲೂ ಹಸಿರು ದೀಪ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಶುಕ್ರವಾರ ತನಿಖೆಯ ಸಭೆ. ಉಗ್ರಾಣದಾಕೆಯನ್ನೂ ಕರೆಸಿದ್ದರು. ಉಜ್ಜಿ ಉಜ್ಜಿ ತೊಳೆದು ಆಕೆಯ ಅಂಗೈ ಕೆಂಪಾಗಿತ್ತು. “ಪರದೆ ಕೊಡು ಅಂತು, ಕೊಟ್ಟೆ. ಇನ್ಮೇಲೆ ನಾನು ಏನನ್ನ ನೋಡಿ ಕೊಡ್ಲಿ, ಅದನ್ನಾದ್ರೂ ಹೇಳಿ,” ಎಂದಳು. ಪೊರಕೆ ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದ. ಅದು ಮುರಿದು ಲೋಟದೊಳಗೆ ಬಿತ್ತು. ಬೆರಳು ಹಾಕಿ ಅದನ್ನು ಎತ್ತಿ, ಬೆರಳು ನೆಕ್ಕುತ್ತಾ, “ಪೇಷೆಂಟ್ ಬಗ್ಗೆ ನಮಗೆಲ್ಲ ತುಂಬಾ ಬೇಜಾರಿದೆ,” ಎಂದ. ಮೂರು ದಿನವಾಯಿತು, ಇನ್ನೂ ಬಿಸ್ಕತ್ತು ಕಂಡರಾಗುವುದಿಲ್ಲ.

ಆಮೇಲೆ ಅವನು ಶುರುಮಾಡಿದ. “ಹಿಂದಿದ್ದವರು ಏನೋ ಗಂಟು ಹಾಕಿಟ್ಟು ಹೋಗಿದ್ದಾರೆ. ಒಂದು ಟಿಪ್ಪಣಿ ಇಲ್ಲ, ಏನಿಲ್ಲ. ಯಾರಿಗೆ ಅರ್ಥ ಆಗ್ಬೇಕು?” ವರದಿಯಲ್ಲಿ ಅದನ್ನೇ ಬರೆಸಿದ್ದಾನೆ, ‘ಮಾಜಿ ಉದ್ಯೋಗಿಯ ವಿವರಣೆಯಿಲ್ಲದ ಕೋಡ್’ ಎಂದು. ಪಕ್ಕದಲ್ಲಿ ನಿನ್ನ ಪೂರ್ತಿ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಜಿನ ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ನಿನ್ನ ಕೈಯಲ್ಲಿ ಕೆಲಸ ಕಲಿತವರೇ ಅದರಲ್ಲಿ ಮೂವರು.

ಗುರುವಾರ ಎಲ್ಲರೂ ಸಹಿ ಹಾಕಬೇಕು. ಸಹಿಯಾದ ವರದಿಯನ್ನು ಮತ್ತೆ ತೆರೆಯುವ ಪದ್ಧತಿಯಿಲ್ಲ. ಅದು ಹೋಗುವುದು ಎಲ್ಲಿಗೆ ಗೊತ್ತೇ? ನೀನು ಅರ್ಜಿ ಹಾಕಿದ್ದೀಯಲ್ಲ, ಅದೇ ಕಚೇರಿಗೆ. ಅವರು ಅದನ್ನು ಓದಿದ ಮೇಲೆ ನಿನ್ನನ್ನು ಒಳಗೆ ಬಿಟ್ಟುಕೊಳ್ಳುವುದುಂಟೇ? ಸಭೆ ಮುಗಿದು ಹೊರಗೆ ಬಂದಾಗ ನಾನು ಪೊರಕೆಗೆ ಇದನ್ನು ಹೇಳಿದೆ. “ಮೇಡಂ, ಹೊರಗಿರೋರಿಗೆ ಏನೂ ಆಗಲ್ಲ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು,” ಎಂದು ನನ್ನ ಭುಜ ತಟ್ಟಿದ. ಮನೆಗೆ ಬಂದು ಆ ರವಿಕೆಯನ್ನು ಎರಡು ಸಲ ಒಗೆದೆ. ನಮ್ಮವರು, “ನೀನು ಈಚೆಗೆ ಬರೀ ಒಗೀತಾನೇ ಇರ್ತೀಯ,” ಎಂದು ನಕ್ಕರು. ಅವರಿಗೆ ಏನೂ ಹೇಳಿಲ್ಲ.

ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ನಿನಗೆ ತಿಳಿಯಲಿ ಎಂದು ಇಷ್ಟು ಬರೆದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಬಿಸಿನೀರಿನ ಚೀಲ ಇಟ್ಟರೆ ಸೊಂಟಕ್ಕೆ ಹಿತವಾಗುತ್ತದೆ, ಬಟ್ಟೆ ಸುತ್ತಿ ಇಡು. ನಿನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಹರಸುವ ಹಕ್ಕಿದೆ: ಎಲ್ಲಿದ್ದರೂ ನಿನ್ನ ಕೈಗೆ ಒಳ್ಳೆಯ ಕೆಲಸ ಸಿಗಲಿ, ತಲೆ ತಗ್ಗಿಸುವ ದಿನ ನಿನಗೆ ಬಾರದಿರಲಿ.

ನಿನ್ನ,
ಚಾಳೀಸು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಟಿಪ್ಪಣಿ ಇತ್ತು, ಗುಬ್ಬಿ. ನಲವತ್ತು ಸಾಲುಗಳ ನೆತ್ತಿಯ ಮೇಲೇ ನೀನು ಬರೆದಿದ್ದೆ: ‘ಇದು ಕಸವಲ್ಲ. ಹಳೆಯ ಯಂತ್ರಗಳಿಗೆ ಬೇಕು. ತೆಗೆಯುವ ಮುನ್ನ ಎದುರು ಮೇಜಿನವಳನ್ನು ಕೇಳಿ.’ ಪೊರಕೆ ಕೇಳಿದ. ನನ್ನ ಮೇಜಿಗೇ ಬಂದು, “ಮೇಡಂ, ಇದು ಇರ್ಲಾ, ತೆಗೀಲಾ?” ಎಂದ. ನಾನು ತಲೆಯನ್ನೂ ಎತ್ತದೆ, “ಗುಬ್ಬಿ ಕಾಲದ್ದು, ತೆಗೀರಿ,” ಎಂದೆ. ಮರೆತು ಹೇಳಿದ್ದಲ್ಲ. ನೀನು ಹೋಗಿ ಐದು ವರ್ಷವಾದರೂ ಇಲ್ಲಿ ಎಲ್ಲರೂ ನಿನ್ನ ಕೋಡನ್ನೇ ಹೊಗಳುತ್ತಿದ್ದರು. ನಿನ್ನದೊಂದು ಹೋಗಲಿ ಅನ್ನಿಸಿತು, ಹೋದಾಗ ಹಿತವೂ ಆಯಿತು. ಸಭೆಯಲ್ಲಿ ಟಿಪ್ಪಣಿ ಇಲ್ಲ ಎನ್ನುವಾಗ ಅವನು ನನ್ನ ಮುಖ ನೋಡಿದ, ನಾನು ಸುಮ್ಮನಿದ್ದೆ. ಕೋಡಿನ ಹಳೆಯ ಪ್ರತಿಯಲ್ಲಿ ಆ ಟಿಪ್ಪಣಿ ಇನ್ನೂ ಹಾಗೇ ಇದೆ. ನೀನು ಒಂದು ಮಾತು ಹೇಳಿದರೆ ಸಾಕು, ಆ ವೈದ್ಯೆ ತೆಗೆಸಿ ನೋಡುತ್ತಾರೆ. ಫೋನ್ ಮಾಡಿದ್ದರೆ ನಿನಗೆ ಇವತ್ತೇ ತಿಳಿಯುತ್ತಿತ್ತು. ಇವತ್ತು ಸೋಮವಾರ, ಇಲ್ಲಿಂದ ನಿಮ್ಮಲ್ಲಿಗೆ ಅಂಚೆ ನಾಲ್ಕು ದಿನ, ಸಹಿ ಗುರುವಾರ. ಎಣಿಸಿ ನೋಡಿಯೇ ಈ ಕಾಗದವನ್ನು ಡಬ್ಬಿಗೆ ಹಾಕುತ್ತಿದ್ದೇನೆ.