ಕಾಲುವೆ ದಾರಿಯಲ್ಲಿ ಹಿಂದೆ ಬಂದವಳು

ಹ್ಯಾಲಿಫ್ಯಾಕ್ಸ್, ಮಾರ್ಚ್ 14

ಪ್ರೀತಿಯ ಮಿಸೆಸ್ ಹೋಲ್‌ರಾಯ್ಡ್ ಅವರಿಗೆ,

ಪಕ್ಕದ ಮನೆಯಲ್ಲೇ ಇದ್ದುಕೊಂಡು ಕಾಗದ ಬರೆಯುತ್ತಿದ್ದೇನೆ. ಎದುರು ನಿಂತು ಹೇಳಲು ನನಗೆ ಮುಖವಿಲ್ಲ.

ಹೋದ ಮಂಗಳವಾರ ಕಾಲುವೆ ದಾರಿಯಲ್ಲಿ ನಿಮ್ಮ ಹಿಂದೆ ಬಂದದ್ದು ಕಳ್ಳನಲ್ಲ. ಅಪ್ಪನ ಕಪ್ಪು ಕೋಟು ಹಾಕಿಕೊಂಡಿದ್ದ ನಾನು. ಕಾಲೇಜಿನ ಸಿನಿಮಾ ತರಗತಿಯ ಪರೀಕ್ಷೆಗೆಂದು ನಾವು ಮೂವರು ಸೇರಿ ಎರಡು ನಿಮಿಷದ ಥ್ರಿಲ್ಲರ್ ಸಿನಿಮಾ ಮಾಡುತ್ತಿದ್ದೆವು. ಹೆದರಿ ಓಡುವವಳಾಗಿ ನಟಿಸಬೇಕಿದ್ದ ಹುಡುಗಿ ಬರಲಿಲ್ಲ. ಅಷ್ಟರಲ್ಲಿ ನೀವು ಅಂಗಡಿಯಿಂದ ಬರುತ್ತಿರುವುದು ಕಂಡಿತು. ಕ್ಯಾಮೆರಾ ಹಿಡಿದಿದ್ದ ಕ್ಯಾಲಮ್, "ಅವರಿಗೆ ಹೇಳ್ಬೇಡ ಕಣೇ, ಹೇಳಿದ್ರೆ ಭಯ ನಿಜ ಅನ್ಸಲ್ಲ" ಅಂದ. ನಾನು ಒಪ್ಪಿದೆ. ನೀವು ತಿರುಗಿ ನೋಡಿದಿರಿ, ಚೀಲ ಬಿಟ್ಟು ಓಡಿದಿರಿ. ಸೇತುವೆಯ ಬಳಿ ನೀವು ಮುಗ್ಗರಿಸಿ ಬಿದ್ದಾಗಲೂ ನಾನು ಎತ್ತಲು ಬರಲಿಲ್ಲ.

ತರಗತಿಯಲ್ಲಿ ಸಿನಿಮಾ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. "ಆ ಅಜ್ಜಿ ಎಷ್ಟು ಚೆನ್ನಾಗಿ ನಟಿಸಿದ್ದಾರೆ!" ಅಂದರು ಮೇಷ್ಟ್ರು. ನಾನು ನಕ್ಕು ತಲೆಯಾಡಿಸಿದೆ.

ನಿನ್ನೆ ನೀವು ಮುಂಗೈಗೆ ಪಟ್ಟಿ ಕಟ್ಟಿಕೊಂಡು ಬಂದು ಅಮ್ಮನಿಗೆ ಹೇಳಿದ್ದನ್ನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ: "ಬ್ರಯನೀನ ಆ ದಾರೀಲಿ ಒಬ್ಬಳನ್ನೇ ಕಳಿಸ್ಬೇಡಮ್ಮ. ನಂಗೆ ವಯಸ್ಸಾಯ್ತು, ಏನಾದ್ರೂ ಆಗ್ಲಿ. ಅವಳಿನ್ನೂ ಮಗು."

ಆ ದೃಶ್ಯವನ್ನು ಸಿನಿಮಾದಿಂದ ತೆಗೆದುಹಾಕಿದ್ದೇನೆ. ಅದಕ್ಕೆ ಕ್ಯಾಲಮ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಮ್ಮನಿಗೂ ಮೇಷ್ಟ್ರಿಗೂ ಇವತ್ತೇ ಹೇಳುತ್ತೇನೆ. ಕಳ್ಳ ಹಿಂದೆ ಬಂದನೆಂದು ನೀವು ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನನ್ನ ಹೆಸರು ಬರೆಸಿ. ಕೈ ವಾಸಿಯಾಗುವವರೆಗೆ ನಿಮ್ಮ ಸಾಮಾನು ನಾನು ತಂದಿಡಲೇ? ನೀವು ಬಾಗಿಲು ತೆರೆಯಬೇಕಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕಿಟಕಿಗೆ ಅಂಟಿಸಿದರೆ ಸಾಕು.

ತಲೆ ತಗ್ಗಿಸಿ,
ಬ್ರಯನಿ