ಬೇಸಿಗೆಗೊಂದು ಬೆಸುಗೆ

ಅಪ್ಪಾ,

ಶುಕ್ರವಾರದೊಳಗೆ ನಿನ್ನ ಸಹಿ ಬೇಕು. ಅಲ್ಲಿಯವರೆಗೆ ನನಗೆ ಕೂತರೆ ಏಳೋಣ, ಎದ್ದರೆ ಕೂರೋಣ ಅನ್ನಿಸುತ್ತಲೇ ಇರುತ್ತದೆ.

ಮೊದಲು ತಪ್ಪೊಪ್ಪಿಗೆ. ಅವತ್ತು ಸ್ಕೂಲಿನ ಚೀಟಿಯಲ್ಲಿ ಇದ್ದದ್ದು ‘ಬೇಸಿಗೆ ವಿಜ್ಞಾನ ಶಿಬಿರ’. ನೀನು ವೆಲ್ಡಿಂಗಿನ ಕರಿ ಕನ್ನಡಕ ತೆಗೆಯದೆ ‘ಬೆಸುಗೆ’ ಎಂದು ಓದಿಕೊಂಡೆ. “ಭೇಷ್! ನಮ್ಮ ವರ್ಕ್‌ಶಾಪಿಗೆ ಇನ್ನೊಂದು ಕೈ ಆಯ್ತು” ಅಂತ ಸಹಿ ಹಾಕಿದೆ. ದೀರ್ಘ ಹೋಗಿ ಕೊಂಬು ಬಂದದ್ದು ಗೊತ್ತಿದ್ದೂ ನಾನು ತಿದ್ದಲಿಲ್ಲ. ತಿದ್ದಿದ್ದರೆ ನೀನು ಕಳಿಸುತ್ತಿರಲಿಲ್ಲ.

ಇಲ್ಲಿ ಶಿಬಿರದಲ್ಲಿ ಸರ್ಕ್ಯೂಟಿಗೆ ತಂತಿ ಬೆಸೆದಾಗ ಉಳಿದವರೆಲ್ಲರದೂ ಕಳಚಿಕೊಂಡಿತು, ನನ್ನದು ಜಗ್ಗಿದರೂ ಬರಲಿಲ್ಲ.

“ಯಾರೇ ಕಲಿಸಿದ್ದು ನಿಂಗೆ?” ಅಂದರು ಮೇಡಂ.

“ನಮ್ಮಪ್ಪ.”

“ಹಾಗಾದ್ರೆ ಇಂಜಿನಿಯರಿಂಗ್ ಓದಿಸ್ತಾರಾ ಅಂತ ಅಪ್ಪನ್ನೇ ಕೇಳು” ಎಂದು ಅವರೇ ಕಾಲೇಜಿನ ಅರ್ಜಿ ಕೊಟ್ಟರು. ನೂರರಲ್ಲಿ ಐವರನ್ನಷ್ಟೇ ಸೇರಿಸಿಕೊಳ್ಳುವ ಕಾಲೇಜು. ಸೀಟು ಸಿಕ್ಕರೆ ನಾಲ್ಕು ವರ್ಷ ವರ್ಕ್‌ಶಾಪಿಗೆ ಒಂದು ಕೈ ಕಡಿಮೆ. ಮಗಳಿಗೆ ಕೊಂಬು ಬಂತು ಅನ್ನಬೇಡ. ಅದು ನೀನೇ ಓದಿಕೊಟ್ಟ ಕೊಂಬು.

ಅರ್ಜಿ ಇದರ ಜೊತೆಗಿದೆ. ಸಹಿ ಮೂರನೇ ಪುಟದಲ್ಲಿ. ಈ ಸಲ ಕನ್ನಡಕ ತೆಗೆದು, ಅಮ್ಮನಿಗೂ ಕೇಳುವಂತೆ ಗಟ್ಟಿಯಾಗಿ ಓದು. ತಪ್ಪು ಓದಿ ಹಾಕಿದ ಸಹಿ ಒಂದೇ ಸಾಕು ನನಗೆ.

ಜಗ್ಗಿದರೂ ಕಳಚದ,
ನಿನ್ನ ಮಗಳು